ಮೈಕ್ ಕೊಟ್ರಪ್ಪನ ದನಿ ಇದ್ದ ಕಂಪ್ಯೂಟರು

ಆ ವರ್ಷ ಆ ಕೋಣೆಯಲ್ಲಿ ನಾವು ಮೂವರು ಕೂಡುತ್ತಿದ್ದೆವು. ಒಬ್ಬ ನಾನು, ಟೈಪಿಂಗ್ ಶಾಲೆ ಮುಚ್ಚಿದ ಮೇಲೂ ಊರವರ ಬಾಯಲ್ಲಿ ಮೇಷ್ಟ್ರಾಗಿಯೇ ಉಳಿದವನು. ಇನ್ನೊಬ್ಬ ಖಾಜಾಸಾಬ, ಹಗರಿಬೊಮ್ಮನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಮೆಕ್ಯಾನಿಕ್ಕು. ರೇಡಿಯೋದಿಂದ ಕಂಪ್ಯೂಟರಿನವರೆಗೆ ತಂತಿ ಇರುವ ಯಾವ ವಸ್ತುವಾದರೂ ಅವನ ಕೈಗೆ ಬಗ್ಗುತ್ತಿತ್ತು. ಮೂರನೆಯವನು ಕೊಟ್ರಪ್ಪ, ನನ್ನ ಓಣಿಯಲ್ಲೇ ನನ್ನ ಜೊತೆ ಬೆಳೆದವನು. ಕುತ್ತಿಗೆಗೆ ಬಿಳಿ ಅರಿವೆ ಸುತ್ತಿಕೊಂಡು, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಿದ್ದ.

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಆ ಕೋಣೆ ಈಗ ಮೊಬೈಲ್ ಅಂಗಡಿ. ಹೋದ ವಾರ ರೀಚಾರ್ಜ್ ಮಾಡಿಸಲು ಅಲ್ಲಿಗೆ ಹೋದಾಗ ಒಳಗೆ ಯಾರೋ ಹಳೆಯ ಟಿವಿಯೊಂದನ್ನು ಚಾಲೂ ಮಾಡಿದ್ದರು. ಬಹಳ ದಿನ ಮಲಗಿದ್ದ ಮಶೀನು ಎದ್ದಾಗ ಒಳಗಿನ ಧೂಳು ಕಾದು ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ರೀಚಾರ್ಜ್ ಬಿಟ್ಟು ಮನೆಗೆ ಬಂದೆ.

ನಮ್ಮ ಕಡೆ ಕೊಟ್ರಪ್ಪನ ಮುಖ ಕಂಡವರಿಗಿಂತ ದನಿ ಕೇಳಿದವರು ಹೆಚ್ಚು. ಆಟೋದ ಮೇಲೆ ಎರಡು ಹಾರ್ನು ಕಟ್ಟಿಕೊಂಡು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ಮೂವತ್ತು ವರ್ಷ ಸುತ್ತಿದವನು. ನಾಟಕ, ಸೀರೆ ಅಂಗಡಿ, ಕುಸ್ತಿ, ಪೋಲಿಯೋ ಹನಿ, ಕಳೆದುಹೋದ ಎಮ್ಮೆ, ಏನೇ ಇರಲಿ ಅವನು ಕೂಗಿದರೆ ಅದಕ್ಕೊಂದು ಕಳೆ. ಪ್ರತಿ ಸಾರಿಕೆಯ ಕೊನೆಗೆ, "ಆಮ್ಯಾಲೆ ಕೊಟ್ರಪ್ಪ ಹೇಳಲಿಲ್ಲ ಅನ್ನಬ್ಯಾಡ್ರಿ" ಅಂತ ಒಂದು ಮಾತು ಸೇರಿಸುತ್ತಿದ್ದ. ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಗುತ್ತಿದ್ದರು. ಬಾಯಲ್ಲಿ ಮಾತಿಲ್ಲದ ಹೊತ್ತು ಗುಟ್ಕಾ ಇರುತ್ತಿತ್ತು. ಅದಕ್ಕೇ ಗಂಟಲಿಗೆ ಕ್ಯಾನ್ಸರ್ ಬಂತು. ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಾಗ ಜೀವ ಇತ್ತು, ದನಿ ಇರಲಿಲ್ಲ. ಕುತ್ತಿಗೆಯ ನಡುವೆ ಉಸಿರಿಗೆಂದು ತೂತು ಇಟ್ಟಿದ್ದರು. ನಾನು ಹೇಳುತ್ತಿರುವ ಮಳೆಗಾಲದ ಹೊತ್ತಿಗೆ ಬೇನೆ ಮತ್ತೆ ಮರಳಿತ್ತು. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವನ ದನಿ ಎಲ್ಲೂ ಉಳಿದಿರಲಿಲ್ಲ. ದಿನಾ ಬೀದಿಯಲ್ಲಿ ಕೇಳುವ ದನಿಯನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಅವನದು ಗುಂಡಿ ಒತ್ತುವ ಹಳೆಯ ಫೋನು. ಮಗಳು ಶಶಿಕಲಾ ಹುಡುಕಾಡಿ ಒಂದು ಮದುವೆಯ ವಿಡಿಯೋ ತೆಗೆದಿದ್ದಳಂತೆ. ಬ್ಯಾಂಡಿನ ಗದ್ದಲದ ನಡುವೆ ಎರಡು ಸಲ "ಬರ್ರಿ, ಬರ್ರಿ" ಅನ್ನುವುದು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಕಡೆಯ ಕೆಲವು ವರ್ಷ ಅವನು ಪೇಟೆಯ ರೆಕಾರ್ಡಿಂಗ್ ಅಂಗಡಿಯಲ್ಲಿ ಕೂತು ಒಮ್ಮೆ ಹೇಳಿ ಕೊಡುತ್ತಿದ್ದ, ಆಟೋದವರು ಅದನ್ನೇ ಹಾಕಿಕೊಂಡು ತಿರುಗಿ, ಕೆಲಸ ಮುಗಿದ ಮೇಲೆ ಅಳಿಸಿಬಿಡುತ್ತಿದ್ದರು. ಆ ಅಂಗಡಿಯವನು ದಂಧೆ ಬಿಟ್ಟು ಊರಿಗೆ ಹೊರಟಾಗ ತನ್ನ ಆರು ಹಳೆಯ ಕಂಪ್ಯೂಟರುಗಳನ್ನು ನನ್ನ ಕೋಣೆಗೆ ತಂದು ಹಾಕಿ ಹೋದ. ಆರೂ ಒಂದೇ ಸಲ ಕೊಂಡವು. ಒಂದೇ ಬಣ್ಣ, ಒಂದೇ ಗಾತ್ರ. ಹಳದಿಗಟ್ಟಿದ ಡಬ್ಬಿಗಳು, ಹಿಂದೆ ಉಬ್ಬಿದ ಮಾನಿಟರುಗಳು.

ಕೂಡ್ಲಿಗಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಬಾಯಿ, ನಮ್ಮ ಹುಡುಗಿಯರಿಗೆ ಟೈಪ್ ಮಾಡಲು ಅವನ್ನು ಕೊಡಿರಿ ಅಂದರು. ದೀಪಾವಳಿಯೊಳಗೆ ಕೊಡುತ್ತೇನೆ ಅಂದೆ. ಆದರೆ ಅವು ಏಳಬೇಕಲ್ಲ. ಒಳಗಿದ್ದ ಹಳೆಯ ವ್ಯವಸ್ಥೆ ವೈರಸ್ ಹತ್ತಿ ಕೊಳೆತಿತ್ತು. ಹೊಸದನ್ನು ಹಾಕೋಣವೆಂದರೆ ಆ ಭಾರ ಹೊರುವ ಶಕ್ತಿ ಆ ಡಬ್ಬಿಗಳಿಗೆ ಇರಲಿಲ್ಲ. ಆಗ ಖಾಜಾಸಾಬ ಹೊಸಪೇಟೆಯಿಂದ ಒಂದು ಸುದ್ದಿ ತಂದ. ಯಾವ ಯಾವುದೋ ದೇಶದ ಜನ ತಮ್ಮ ಬಿಡುವಿನ ವೇಳೆಯಲ್ಲಿ ಕೂಡಿ ಕಟ್ಟುತ್ತಿರುವ ಒಂದು ಬೇರೆಯೇ ಆಪರೇಟಿಂಗ್ ಸಿಸ್ಟಂ ಇದೆ, ಹಳೆಯ ಮಶೀನಿನಲ್ಲೂ ಓಡುತ್ತದೆ, ಒಂದೇ ಸೀಡಿಯಲ್ಲಿ ಹಿಡಿಯುತ್ತದೆ ಅಂತ. ಅದು ಇನ್ನೂ ಪ್ರಯೋಗದ ಹಂತದಲ್ಲಿದೆ, ಮುಖ್ಯ ಕೆಲಸಕ್ಕೆ ಇದನ್ನು ನಂಬಿ ಕೂಡಬೇಡಿರಿ ಎಂದು ಕಟ್ಟಿದವರೇ ಬರೆದುಕೊಂಡಿದ್ದರು. ಅಷ್ಟು ನಿಯತ್ತಿನ ಮಾತು ಕಂಡು ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು.

ಶ್ರಾವಣದಲ್ಲಿ ಶುರು ಮಾಡಿದೆವು. ಆ ವರ್ಷ ಮಳೆ ಜಿಟಿಜಿಟಿ ಹಿಡಿದದ್ದು ಬಿಡಲೇ ಇಲ್ಲ. ಪೇಟೆಯ ಕಡೆಯಿಂದ ಗಾಳಿ ಬಂದರೆ ಕೊಳೆತ ಉಳ್ಳಾಗಡ್ಡಿಯ ವಾಸನೆ. ಕೋಣೆಯ ಗೋಡೆ ಬೆವರುತ್ತಿತ್ತು, ಡಬ್ಬಿಗಳ ಒಳಗೂ ತಂಪು ಹತ್ತಿತ್ತು. ಖಾಜಾಸಾಬ ಒಂದೊಂದನ್ನೇ ಬಿಚ್ಚಿ, ಮೆಮೊರಿ ಕಾರ್ಡುಗಳ ಹಲ್ಲನ್ನು ಮಕ್ಕಳ ರಬ್ಬರಿನಿಂದ ತಿಕ್ಕಿ, ಬಿಸಿಲು ಕಂಡ ಹೊತ್ತು ಹೊರಗೆ ತಟ್ಟೆಯಲ್ಲಿ ಒಣಗಿಸುತ್ತಿದ್ದ. ಬಂದುಹೋಗುವ ಹೆಂಗಸರು ಅದೇನು ಸಂಡಿಗೇನ್ರಿ ಅಂತ ಕೇಳುತ್ತಿದ್ದರು.

ಸೀಡಿ ಹಾಕಿ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಸಣ್ಣ ಚಿತ್ರಗಳ ಒಂದು ಸಾಲು ಬರುತ್ತಿತ್ತು. ಒಂದೊಂದೇ ಚಿತ್ರ ದೀಪ ಹಚ್ಚಿದಂತೆ ಬೆಳಗಬೇಕು. ಎಲ್ಲವೂ ಬೆಳಗಿದರೆ ಗೆದ್ದಂತೆ. ಮೊದಲನೇ ಮಶೀನು ಮೂರನೇ ಚಿತ್ರಕ್ಕೆ ನಿಂತುಬಿಟ್ಟಿತು. ವಾರಗಟ್ಟಲೆ ಅದು ಮೂರು ದಾಟಲಿಲ್ಲ. ಎರಡನೆಯದು ಎದ್ದಿತು, ಆದರೆ ಕೀಬೋರ್ಡು ಒಪ್ಪಲಿಲ್ಲ. ಮತ್ತೊಂದರಲ್ಲಿ ಎಲ್ಲ ಸರಿ, ಸದ್ದು ಮಾತ್ರ ಹೊರಡದು. ಕೊಟ್ರಪ್ಪ ಅದನ್ನು ನೋಡಿ ಸ್ಲೇಟಿನ ಮೇಲೆ ಬರೆದು ನನ್ನ ಮುಖಕ್ಕೆ ಹಿಡಿದ: "ಇದಕ್ಕೂ ಹುಬ್ಬಳ್ಯಾಗ ಆಪರೇಷನ್ ಆಗೇತೇನಲೇ?" ಖಾಜಾಸಾಬನಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಕೊಟ್ರಪ್ಪನೇ ಹೆಗಲು ಕುಣಿಸಿ ಸದ್ದಿಲ್ಲದೆ ನಕ್ಕ ಮೇಲೆ ನಾವೂ ನಕ್ಕೆವು.

ಅವನು ದಿನಾ ಬಂದು ಕೂಡುತ್ತಿದ್ದುದಕ್ಕೆ ಕಾರಣ ಇತ್ತು. ಆಪರೇಷನ್ನಿಗೆ ಹೋಗುವ ಹಿಂದಿನ ದಿನ ರೆಕಾರ್ಡಿಂಗ್ ಅಂಗಡಿಗೆ ಹೋಗಿ, ಅಂಗಡಿಯವನನ್ನು ಚಹಾಕ್ಕೆಂದು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಮಗಳಿಗೆ ಅಂತ ಏನೋ ಮಾತಾಡಿ ಇಟ್ಟಿದ್ದ. ಯಾವ ಮಶೀನಿನಲ್ಲಿ ಅಂತ ನೆನಪಿರಲಿಲ್ಲ. ಆರರಲ್ಲಿ ಒಂದು. ಅದನ್ನು ಶಶಿಕಲಾ ಕೇಳಬೇಕು, ತಾನು ಇರುವಾಗಲೇ ಕೇಳಬೇಕು, ಇಷ್ಟೇ ಅವನ ಆಸೆ.

ಹಾಗಾಗಿ ನಾವು ಒಂದು ಪದ್ಧತಿ ಮಾಡಿಕೊಂಡೆವು. ಮೊದಲು ಮಶೀನಿನ ಡಿಸ್ಕಿನಲ್ಲಿ ಏನಿದೆ ನೋಡಬೇಕು, ಇದ್ದದ್ದನ್ನು ಬೇರೆ ಕಡೆ ತೆಗೆದಿಡಬೇಕು. ತೆಗೆದಾದ ಮಶೀನಿಗೆ ಒಂದು ಗುರುತು. ಗುರುತು ಇದ್ದದ್ದನ್ನು ಖಾಜಾಸಾಬ ತೊಳೆಯುತ್ತಿದ್ದ. ತೊಳೆಯುವುದು ಅಂದರೆ ಡಿಸ್ಕಿನ ಈ ತುದಿಯಿಂದ ಆ ತುದಿವರೆಗೆ ಬರೀ ಸೊನ್ನೆ ಬರೆಸುವುದು. ಹಳೆಯ ಡಿಸ್ಕು ಎಲ್ಲಿ ಕೆಟ್ಟಿದೆ ಎಂದು ಅದರಿಂದ ಗೊತ್ತಾಗುತ್ತದೆ, ಹಿಂದಿನದು ಒಂದಕ್ಷರವೂ ಉಳಿಯುವುದಿಲ್ಲ. ಆಮೇಲೆ ಹೊಸ ವ್ಯವಸ್ಥೆ. ಗುರುತಿಗೆ ಮೊದಲು ಸೀಮೆಸುಣ್ಣದ ಗೆರೆ ಹಾಕಿದೆವು, ಕೈ ತಾಗಿ ಅಳಿಸಿತು. ಗೂಡಿನಲ್ಲಿ ನನ್ನ ವಿಭೂತಿ ಗಟ್ಟಿ ಇತ್ತು. ನೀರಲ್ಲಿ ತೇದು ಡಬ್ಬಿಯ ನೆತ್ತಿಗೆ ಮೂರು ಬೆರಳು ಎಳೆದೆ.

"ಇದ ಚೊಲೊ ಆತು ಮೇಷ್ಟ್ರ," ಅಂದ ಖಾಜಾಸಾಬ. "ವಿಭೂತಿ ಅಂದ್ರ ಯಾರೂ ಒರಸಂಗಿಲ್ಲ."

ಭಾದ್ರಪದ ಮುಗಿಯುವ ಹೊತ್ತಿಗೆ ಐದು ಮಶೀನು ನೋಡಿ ಆಗಿತ್ತು. ಬರೀ ಸಿನಿಮಾ ಹಾಡು, ಲಗ್ನಪತ್ರಿಕೆ. ಐದಕ್ಕೂ ವಿಭೂತಿ ಬಿದ್ದಿತ್ತು. ಎರಡನ್ನು ತೊಳೆದು ಹೊಸದನ್ನು ಹಾಕಿಯೂ ಆಗಿತ್ತು, ಮೂರು ಬಾಕಿ. ಕಿಟಕಿ ಪಕ್ಕದ ಆರನೆಯದು ಮಾತ್ರ ಏಳುತ್ತಲೇ ಇರಲಿಲ್ಲ. ಡಿಸ್ಕು ಒಳಗೆ ಕಟಕಟ ಅನ್ನುತ್ತಿತ್ತು. ಹಳೆಯ ವ್ಯವಸ್ಥೆಯಲ್ಲಿ ನೀಲಿ ಪರದೆ ತೋರಿಸಿ ಮಲಗುತ್ತಿತ್ತು. ಖಾಜಾಸಾಬ ಕಡೆಗೆ ಹೊಸ ಸೀಡಿಯನ್ನೇ ಅದಕ್ಕೂ ಹಾಕಿದ. ಡಿಸ್ಕನ್ನು ಮುಟ್ಟದೆ ಬರೀ ಸೀಡಿಯ ಮೇಲೂ ಅದು ಓಡುತ್ತಿತ್ತು, ಅದೊಂದು ಅದರ ಗುಣ. ಚಿತ್ರಗಳು ಒಂದೊಂದಾಗಿ ಎಲ್ಲ ಬೆಳಗಿದವು. ಪರದೆಯ ಮೂಲೆಯಲ್ಲಿ ಆ ರೋಗಿಷ್ಠ ಡಿಸ್ಕಿನ ಗುರುತು ಬಂದು ಕೂತಿತು. ತೆಗೆದರೆ ಇಂಗ್ಲಿಷ್ ಅಕ್ಷರದಲ್ಲಿ ಸೀರೆ, ನಾಟಕ, ಕುಸ್ತಿ ಎಂದು ಹೆಸರುಗಳ ಸಾಲು.

ಸೀರೆ ಅಂತ ಇದ್ದುದನ್ನು ಒತ್ತಿದೆ. ಅಷ್ಟು ದಿನ ಯಾವ ಮಶೀನಿನಲ್ಲೂ ನೆಟ್ಟಗೆ ಹೊರಡದ ಸದ್ದು ಇದರಲ್ಲಿ ಹೊರಟಿತು. "ಹಡಗಲಿಯ ಅಕ್ಕಂದಿರೇ, ತಂಗ್ಯಾರೇ" ಅಂತ ಕೊಟ್ರಪ್ಪ ಕೂಗಿದ. ದನಿ ತಡೆದು ತಡೆದು ಬರುತ್ತಿತ್ತು, ಆದರೂ ಅವನದೇ. ಹೊರಗೆ ಹೋಗುತ್ತಿದ್ದ ಯಾರೋ ಒಬ್ಬರು ನಿಂತು ಒಳಗೆ ಇಣುಕಿದರು. ನಾನು ಕೊಟ್ರಪ್ಪನ ಕಡೆ ನೋಡಿದೆ. ಅವನ ತುಟಿ ದನಿಯ ಜೊತೆ ಹೊಂದಿಕೊಂಡು ಆಡುತ್ತಿತ್ತು. ಎಲ್ಲಿ ಉಸಿರು ತಗೊಂಡಿದ್ದನೋ ಅಲ್ಲೇ ಉಸಿರು ತಗೊಳ್ಳುತ್ತಿದ್ದ, ಕುತ್ತಿಗೆಯ ಅರಿವೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಕೊಟ್ರಪ್ಪ ಹೇಳಲಿಲ್ಲ ಅನ್ನಬ್ಯಾಡ್ರಿ ಎಂಬಲ್ಲಿಗೆ ಬಂದಾಗ ಸ್ಲೇಟಿನಿಂದ ಮುಖ ಮುಚ್ಚಿಕೊಂಡ.

ಸಾಲಿನ ಕಡೆಯಲ್ಲಿ ಶಶಿ ಅಂತ ಒಂದಿತ್ತು. ನಾನು ಬೆರಳು ಇಟ್ಟೆ. ಅವನು ಬಂದು ನನ್ನ ಕೈ ಹಿಡಿದ. "ಮಗಳು ಬರ್ಲಿ. ದಸರಾಕ್ಕ ಬರ್ತಾಳ," ಅಂತ ಬರೆದ.

ಆವತ್ತೇ ಎಲ್ಲವನ್ನೂ ತೆಗೆದಿಡಬೇಕಿತ್ತು. ಪೆನ್ ಡ್ರೈವ್ ಚುಚ್ಚಿದೆವು, ಅದನ್ನು ಆ ಮಶೀನು ಗುರುತಿಸಲಿಲ್ಲ. ಡಿಸ್ಕು ಬಿಸಿಯಾಗಿ ಕಟಕಟ ಹೆಚ್ಚಾಯಿತು. ಇನ್ನು ದಣಿಸುವುದು ಬೇಡ, ಹಬ್ಬ ಮುಗಿಸಿ ಬೇರೆ ಕೇಬಲ್ ತರುತ್ತೇನೆ, ಡಿಸ್ಕು ಬಿಚ್ಚಿ ಇನ್ನೊಂದಕ್ಕೆ ಕಟ್ಟಿ ತೆಗೆಯೋಣ ಅಂದ ಖಾಜಾಸಾಬ. ಸರಿಯಾದ ಮಾತೇ. ಮಶೀನು ಆರಿಸಿದೆವು.

ಆಯುಧಪೂಜೆಯ ದಿನ ಬೆಳಿಗ್ಗೆ ಖಾಜಾಸಾಬನೂ ನಾನೂ ಕೂಡಿ ಆರೂ ಡಬ್ಬಿಗಳನ್ನು ಹೊರಗೆ ಒಯ್ದು, ಹಸಿ ಅರಿವೆಯಿಂದ ಗುರುತು ಸಮೇತ ಮೈ ಒರೆಸಿ, ಕೋಣೆ ತೊಳೆದೆವು. ಅವನ ಅಕ್ಕನ ಮಗಳ ಲಗ್ನ ಹಂಪಸಾಗರದಲ್ಲಿ ಇತ್ತು, ಹನ್ನೊಂದರ ಬಸ್ಸಿಗೆ ಹೋದ. ಉಳಿದದ್ದನ್ನು ನಾನು ಮಾಡಿದೆ. ಡಬ್ಬಿಗಳನ್ನು ಒಳಗೆ ತಂದು ಸಾಲಾಗಿ ಇಟ್ಟೆ, ಕೈಗೆ ಹೇಗೆ ಬಂದವೋ ಹಾಗೆ. ಸ್ಕ್ರೂ ಡ್ರೈವರು, ಬೆಸುಗೆಯ ಕಡ್ಡಿ, ನನ್ನ ಹಳೆಯ ಟೈಪ್‌ರೈಟರು, ಎಲ್ಲಕ್ಕೂ ಚೆಂಡು ಹೂ ಇಟ್ಟೆ. ವಿಭೂತಿ ತೇದೆ. ಮೂರು ಬೆರಳಿನಿಂದ ಒಂದು, ಎರಡು, ಮೂರು ಎಂದು ಆರೂ ಡಬ್ಬಿಗಳಿಗೆ ಎಳೆದೆ, ಟೈಪ್‌ರೈಟರಿಗೂ ಎಳೆದೆ. ಬೆಂಚಿನ ಮೇಲೆ ಕೂತಿದ್ದ ಕೊಟ್ರಪ್ಪನ ಹಣೆಗೂ ಹಚ್ಚಿದೆ. ಅವನು ನೋಡುತ್ತಲೇ ಇದ್ದ. ಇದು ಪೂಜೆ, ಅದು ಗುರುತು. ಎರಡೂ ಒಂದೇ ವಿಭೂತಿ ಎಂಬುದು ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಕಾಯಿ ಒಡೆದು ಚೂರು ಕೊಟ್ಟೆ. ನುಂಗಲು ಬಾರದು ಅಂತ ಸನ್ನೆ ಮಾಡಿ ಜೇಬಿಗೆ ಹಾಕಿಕೊಂಡ.

ಮರುದಿನ ಬನ್ನಿ ಕೊಟ್ಟು ಬರೋಣ ಅಂತ ನಾನು ಹಡಗಲಿಗೆ ಅಕ್ಕನ ಮನೆಗೆ ಹೋದೆ. ಅಕ್ಕ ಬಿಡಲಿಲ್ಲ, ಎರಡು ದಿನ ಉಳಿದೆ. ಅಷ್ಟರಲ್ಲಿ ಖಾಜಾಸಾಬ ಲಗ್ನ ಮುಗಿಸಿ ಬಂದಿದ್ದ. ಅವನ ಹತ್ತಿರ ಇನ್ನೊಂದು ಕೀಲಿ ಇತ್ತು. ಕೂಡ್ಲಿಗಿಯ ವಾರ್ಡನ್ ಬಾಯಿ ಎರಡು ಸಲ ಫೋನು ಮಾಡಿದ್ದರಂತೆ. ಮೇಷ್ಟ್ರು ಬರುವುದರೊಳಗೆ ಮುಗಿಸಿಬಿಡೋಣ ಅಂತ ಅವನು ಊಟ ಬಿಟ್ಟು ಕೂತು ಕೆಲಸ ಮಾಡಿದ್ದ.

ನಾನು ಬಂದ ದಿನ ಶಶಿಕಲಾ ಹರಪನಹಳ್ಳಿಯಿಂದ ಬಂದಿದ್ದಳು. ಅಪ್ಪನಿಗೆಂದು ಗಂಜಿ ಮಾಡಿ ಡಬ್ಬಿಯಲ್ಲಿ ತಂದಿದ್ದಳು. ಕೊಟ್ರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುತ್ತಿಗೆಗೆ ಹೊಸ ಅರಿವೆ ಸುತ್ತಿಕೊಂಡಿದ್ದ. ಮಗಳನ್ನು ಮುಂದಿನ ಕುರ್ಚಿಗೆ ಕೂಡಿಸಿ ತಾನು ಹಿಂದೆ ನಿಂತ. ನಾನು ಕಿಟಕಿ ಪಕ್ಕದ ಮಶೀನಿನ ಗುಂಡಿ ಒತ್ತಿದೆ. ಚಿತ್ರಗಳು ಸರಸರ ಬೆಳಗಿದವು. ಸೀಡಿ ಹಾಕದೇ ಎದ್ದಿತು. ಪರದೆ ಚೊಕ್ಕ, ಒಳಗೆ ಏನೂ ಇಲ್ಲ. ಹಬ್ಬದ ದಿನ ಡಬ್ಬಿಗಳು ಜಾಗ ಬದಲಾಗಿವೆ, ಇದಲ್ಲ ಅಂದುಕೊಂಡು ಪಕ್ಕದ್ದನ್ನು ಒತ್ತಿದೆ. ಅದೂ ಹಾಗೇ. ಮೂರನೆಯದನ್ನೂ ಒತ್ತಿದೆ.

ಖಾಜಾಸಾಬ ಚಹಾದ ಕೆಟಲ್ ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದ.

"ಯಾವುದರಾಗ ಹುಡುಕ್ತೀರಿ ಮೇಷ್ಟ್ರ? ಆರೂ ಮುಗ್ಸೀನಿ," ಅಂದ. ಮುಖದಲ್ಲಿ ಸಂತೋಷ ಇತ್ತು.

"ಕಿಟಕಿ ಬಾಜೂದ್ದು? ಅದನ್ನೂ ತೊಳದ್ಯಾ?"

"ಎಲ್ಲಾದಕ್ಕೂ ವಿಭೂತಿ ಇತ್ತಲ್ರಿ. ಕೇಬಲ್ ಎಲ್ಲೋ ಸಿಕ್ಕು, ನೀವ ತೆಗೆದಿಟ್ಟು ಗುರುತು ಹಾಕೀರಿ ಅಂದ್ಕೊಂಡೆ."

ಆಮೇಲೆ ಅವನಿಗೇ ತಿಳಿಯಿತು. ಡಬ್ಬಿಗಳನ್ನು ನೋಡಿದ, ಚೆಂಡು ಹೂ ನೋಡಿದ, ವಿಭೂತಿ ಹತ್ತಿದ ಟೈಪ್‌ರೈಟರು ನೋಡಿದ. ಕೆಟಲನ್ನು ನೆಲದ ಮೇಲೆ ಇಟ್ಟು ಅಲ್ಲೇ ಕೂತುಬಿಟ್ಟ. ತಪ್ಪು ನಂದು ಅಂತ ನಾನು ಹೇಳಿದೆ.

ಶಶಿಕಲಾಗೆ ಏನಾಗಿದೆ ಎಂದು ನಾನೇ ಬಿಡಿಸಿ ಹೇಳಬೇಕಾಯಿತು. ಅವಳು ಎಲ್ಲ ಕೇಳಿ, ಕುರ್ಚಿ ತಿರುಗಿಸಿ ಅಪ್ಪನ ಕಡೆ ಕೂತಳು.

"ಏನು ಹೇಳಿದ್ದೆಪ್ಪಾ ಅದ್ರಾಗೆ?"

ಕೊಟ್ರಪ್ಪ ಸ್ಲೇಟು ತಗೊಂಡ. ಎರಡು ಅಕ್ಷರ ಬರೆದ, ಅಂಗೈಯಿಂದ ಒರೆಸಿದ. ಮತ್ತೆ ಬರೆದ, ಮತ್ತೆ ಒರೆಸಿದ. ಆಮೇಲೆ ಸ್ಲೇಟು ಬೆಂಚಿನ ಮೇಲಿಟ್ಟು, ಅವಳ ಎದುರು ಕೂತು, ಬಾಯಿ ತೆಗೆದು ಹೇಳಲು ಶುರು ಮಾಡಿದ. ದನಿ ಇಲ್ಲ, ತುಟಿ ಅಷ್ಟೇ. ನಡುನಡುವೆ ಕುತ್ತಿಗೆಯ ತೂತಿನಿಂದ ಸುಯ್ ಎಂದು ಗಾಳಿ. ಒಂದು ಸಲ ನಕ್ಕ. ಒಂದು ಸಲ ಬೆರಳೆತ್ತಿ ಗದರಿಸಿದಂತೆ ಮಾಡಿದ. ನಾಲ್ಕೈದು ನಿಮಿಷ ಹಾಗೇ ಹೇಳಿದ. ಅವಳು ಅವನ ತುಟಿಯಿಂದ ಕಣ್ಣು ತೆಗೆಯದೆ ಹೂಂ, ಹೂಂ ಅನ್ನುತ್ತಿದ್ದಳು. ಅವಳಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ನನಗಂತೂ ಅವಳ ಹೆಸರೊಂದು ಬಿಟ್ಟು ಏನೂ ತಿಳಿಯಲಿಲ್ಲ. ಮುಗಿದ ಮೇಲೆ ಅವಳು ಗಂಜಿಯ ಡಬ್ಬಿ ತೆಗೆದು, ಆರಿದೆ, ಕುಡಿ ಅಂದಳು.

ಡಿಸ್ಕನ್ನು ಹೊಸಪೇಟೆಗೆ ಒಯ್ದೆವು. ಅಲ್ಲಿ ಅಳಿಸಿದ್ದನ್ನು ಹೊರಗೆ ತೆಗೆಯುವ ಒಬ್ಬನಿದ್ದ. ನೋಡಿ, ಬರೀ ಮೇಲಿಂದ ಹೊಸದು ಬರೆದಿದ್ದರೆ ಅಷ್ಟಿಷ್ಟು ತೆಗೆಯಬಹುದಿತ್ತು, ಇದನ್ನು ಪೂರಾ ಸೊನ್ನೆ ಮಾಡೀರಿ, ಬಹಳ ನೀಟಾಗಿ ಮಾಡೀರಿ ಅಂದ. ಮರಳಿ ಬರುವ ಬಸ್ಸಿನಲ್ಲಿ ಖಾಜಾಸಾಬ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಹಗರಿಬೊಮ್ಮನಹಳ್ಳಿ ಬಂದಾಗ ಇಳಿದು ಹೋದ. ಮರುದಿನ ಬರಲಿಲ್ಲ, ಆ ವಾರ ಬರಲಿಲ್ಲ. ಕೊಟ್ರಪ್ಪ ತಾನೇ ಬಸ್ಸು ಹತ್ತಿ ಅವನ ಮನೆಗೆ ಹೋದ. ಅಲ್ಲಿ ಸ್ಲೇಟಿನ ಮೇಲೆ ಏನು ಬರೆದನೋ ಇಬ್ಬರೂ ನನಗೆ ಹೇಳಲಿಲ್ಲ. ಖಾಜಾಸಾಬ ಬರಲು ಶುರು ಮಾಡಿದ. ಆದರೆ ಯಾರದೇ ಡಿಸ್ಕು ಅಳಿಸುವ ಕೆಲಸ ಬಂದರೂ ಬೇರೆ ಕಡೆ ಹೋಗ್ರಿ ಅನ್ನುತ್ತಿದ್ದ.

ಆರೂ ಮಶೀನು ಕೂಡ್ಲಿಗಿಗೆ ಹೋದವು. ಆ ಹೊಸ ವ್ಯವಸ್ಥೆಯಲ್ಲಿ ಕನ್ನಡ ಅಕ್ಷರ ಒಡೆದೊಡೆದು ಬರುತ್ತಿತ್ತು. ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬೀಳುತ್ತಿದ್ದವು. ಹುಡುಗಿಯರು ಇಂಗ್ಲಿಷ್ ಟೈಪ್ ಮಾಡಿ ಕಲಿತರಂತೆ. ಬೇಸಿಗೆಯೊಳಗೆ ಮೂರು ಕೆಟ್ಟವು. ಯಾವ ಮೂರು ಅಂತ ನಾನು ಕೇಳಲಿಲ್ಲ.

ಮಾಘದಲ್ಲಿ ಕೊಟ್ರಪ್ಪ ಹೋದ. ಬೆಳಿಗ್ಗೆ ಎಂಟಕ್ಕೆ. ಊರಿಗೆ ಸಾರಿಸಬೇಕಲ್ಲ, ಈಗ ಅದಕ್ಕೆಲ್ಲ ಫೋನಿನಲ್ಲೇ ಮಾಡಿದ ದನಿ ಸಿಗುತ್ತದೆ, ಹೆಸರು ಟೈಪ್ ಮಾಡಿದರೆ ಅದೇ ಓದುತ್ತದೆ, ಅದನ್ನೇ ಹಾಕೋಣ ಎಂದರು ಆಟೋದವರು. ಖಾಜಾಸಾಬ ಬೇಡ, ನಾನೇ ಹೇಳುತ್ತೇನೆ ಅಂದ. ಹುಟ್ಟಿದಾಗಿನಿಂದ ಮೈಕು ರಿಪೇರಿ ಮಾಡಿದವನೇ ಹೊರತು ಅದರಲ್ಲಿ ಮಾತಾಡಿದವನಲ್ಲ. ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಮೈಕ್ ಕೊಟ್ರಪ್ಪನವರು ತೀರಿಕೊಂಡಿದ್ದಾರೆ, ಮಣ್ಣು ಮಧ್ಯಾಹ್ನ ಎರಡಕ್ಕೆ. ಅವನು ಆಟೋ ಹತ್ತಿ ಕೊಟ್ಟೂರಿನ ಎಲ್ಲ ಓಣಿ ಸುತ್ತಿದ. ಚೀಟಿ ಕೈಯಲ್ಲೇ ಇತ್ತು, ಆದರೂ ಮೈಕು ಹಿಡಿದ ಗಾಬರಿಗೆ ಎಲ್ಲ ಓಣಿಗಳಲ್ಲೂ ಮೂರು ಗಂಟೆ ಅಂತ ಹೇಳಿದ. ಎರಡಕ್ಕೆ ಎತ್ತಲು ನಿಂತಾಗ ಅಂಗಳದಲ್ಲಿ ಹತ್ತಿಪ್ಪತ್ತು ಜನ ಅಷ್ಟೇ. ಏನಾಯಿತೆಂದು ಗೊತ್ತಾದ ಮೇಲೆ ಹಿರಿಯರು ಹೊತ್ತು ಮೀರುತ್ತದೆ ಅಂದರು. ಜನ ಬರ್ಲಿ, ಕೂಡ್ರಿ ಅಂದಳು ಶಶಿಕಲಾ. ಕೂತೆವು. ಮೂರರ ಹೊತ್ತಿಗೆ ಓಣಿ ತುಂಬಿತು. ಮಣ್ಣು ಮೂರೂವರೆಗೆ ಆಯಿತು.